ನೋಡಲು ಒಂದೇ, ಅರ್ಥದಲ್ಲಿ ಬೇರೆ: ಇಂಗ್ಲಿಷ್ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯ ನಮ್ಮ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ಅಂಗಡಿಯ ಬೋರ್ಡು, ಹೋಂಸ್ಟೇ ದರಪಟ್ಟಿ, ಕಾಫಿಪುಡಿ ಪೊಟ್ಟಣದ ಸ್ಟಿಕ್ಕರ್, ಸರ್ಕಾರಿ ಕಚೇರಿಗೆ ಕೊಡುವ ಅರ್ಜಿ ಎಲ್ಲವೂ ತಯಾರಾಗುತ್ತವೆ. ಪ್ರೂಫ್ ನೋಡಲು ಬಂದವರು ಪರದೆಯ ಮೇಲೆ ಬೆರಳಿಟ್ಟು "ಇದು ಸರಿಯೇ?" ಎಂದು ಕೇಳುವ ಇಂಗ್ಲಿಷ್ ಪದಗಳು ವರ್ಷವರ್ಷವೂ ಹೆಚ್ಚುಕಡಿಮೆ ಅವೇ ಆಗಿರುವುದರಿಂದ, ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇವೆ. ಇಂಗ್ಲಿಷ್ ಅಕ್ಷರಗಳನ್ನು ಇಲ್ಲಿ ಅವುಗಳ ಹೆಸರಿನಿಂದಲೇ ಕರೆದಿದ್ದೇವೆ.

ಕಿವಿಗೆ ಒಂದೇ ಆಗಿ ಕೇಳಿಸುವ ಪದಗಳಿಗೆ ಇಂಗ್ಲಿಷಿನಲ್ಲಿ ಎರಡು ಮೂರು ಸ್ಪೆಲ್ಲಿಂಗ್ ಏಕೆ?

ಕನ್ನಡದಲ್ಲಿ ನುಡಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ. ಹಲ್ಲಿಗೂ ಹಳ್ಳಿಗೂ ಬರವಣಿಗೆಯಲ್ಲಿರುವ ವ್ಯತ್ಯಾಸ ನಾಲಿಗೆಯಲ್ಲೂ ಇದೆ. ಇಂಗ್ಲಿಷಿಗೆ ಈ ಅನುಕೂಲವಿಲ್ಲ. 26 ಅಕ್ಷರಗಳಲ್ಲಿ ಸುಮಾರು 44 ಧ್ವನಿಗಳನ್ನು ಹಿಡಿದಿಡಬೇಕಾದ ಆ ಭಾಷೆಯಲ್ಲಿ ಅಕ್ಷರಕ್ಕೂ ಧ್ವನಿಗೂ ಇರುವ ನಂಟು ಸಡಿಲವಾದದ್ದು. ವಿಲಿಯಂ ಕ್ಯಾಕ್ಸ್ಟನ್ 1476ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚುಯಂತ್ರ ಹೂಡಿದ ಮೇಲೆ ಸ್ಪೆಲ್ಲಿಂಗ್ ನಿಧಾನವಾಗಿ ಗಟ್ಟಿಯಾಗುತ್ತಾ ಬಂತು. ಉಚ್ಚಾರಣೆಯಾದರೋ ಅದೇ ಶತಮಾನಗಳಲ್ಲಿ ಭಾರಿ ಬದಲಾವಣೆಗೆ ಸಿಕ್ಕಿತ್ತು. ಯೋಧ ಎಂಬ ಅರ್ಥದ 'ನೈಟ್' ಪದದ ಮೊದಲಿಗಿರುವ ಕೆ ಒಂದು ಕಾಲದಲ್ಲಿ ನಿಜವಾಗಿಯೂ ಬಾಯಲ್ಲಿ ಕೇಳಿಸುತ್ತಿತ್ತು. ನಾಲಿಗೆ ಅದನ್ನು ಕೈಬಿಟ್ಟಿತು, ಅಚ್ಚು ಬಿಡಲಿಲ್ಲ. ಹೀಗಾಗಿ ರಾತ್ರಿ ಎಂಬ ಅರ್ಥದ 'ನೈಟ್'ಗೂ ಅದಕ್ಕೂ ಈಗ ಉಳಿದಿರುವ ವ್ಯತ್ಯಾಸ ಕಣ್ಣಿಗೆ ಮಾತ್ರ. ಕೊಡವರ ಭಾಷೆಯಾದ ಕೊಡವ ತಕ್ಕನ್ನು ಕನ್ನಡ ಲಿಪಿಯಲ್ಲಿ ಬರೆಯುವವರಿಗೆ ಬಾಯಲ್ಲಿರುವ ಕೆಲವು ಸ್ವರಗಳಿಗೆ ಅಕ್ಷರ ಸಿಗದ ಕಷ್ಟ ಗೊತ್ತಿದೆ. ಇಂಗ್ಲಿಷಿನಲ್ಲಿ ಅದರ ಜೊತೆಗೆ ಇನ್ನೊಂದು ಕಷ್ಟ: ಅಕ್ಷರ ಉಳಿದಿದೆ, ಧ್ವನಿ ಹೋಗಿದೆ.

ಹಾಗೆಂದು ಆ ಅಕ್ಷರಗಳು ದಂಡಕ್ಕೆ ನಿಂತಿಲ್ಲ. ಕೊಡವರ ಹೆಸರಿನ ಮುಂದೆ ಒಕ್ಕದ ಹೆಸರು ಬರುತ್ತದೆ. ಮನೆಯಲ್ಲಿ ಕರೆಯುವಾಗ ಯಾರೂ ಅದನ್ನು ಹೇಳದಿದ್ದರೂ ಇವರು ಯಾವ ಮನೆಯವರು ಎಂಬುದು ಅದರಿಂದಲೇ ತಿಳಿಯುತ್ತದೆ. ಇಂಗ್ಲಿಷ್ ಪದದೊಳಗೆ ಕೇಳಿಸದೆ ಕುಳಿತ ಅಕ್ಷರವೂ ಬಹುಮಟ್ಟಿಗೆ ಅದೇ ಕೆಲಸ ಮಾಡುತ್ತದೆ. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಆದಷ್ಟೂ ಪದದ ಮನೆತನವನ್ನು ಹೇಳಿದ್ದೇವೆ. ಬರೀ ಬಾಯಿಪಾಠ ಮಾಡಿದ್ದಕ್ಕಿಂತ ಅದು ಹೆಚ್ಚು ದಿನ ತಲೆಯಲ್ಲಿ ನಿಲ್ಲುತ್ತದೆ.

ಅಂಗಡಿ ಬೋರ್ಡಿನ 'ಸ್ಟೇಷನರಿ'ಯ ಕೊನೆಗೆ ಎ-ಆರ್-ವೈ ಬರಬೇಕೋ, ಇ-ಆರ್-ವೈ ಬರಬೇಕೋ?

ಕಾಗದ, ಪೆನ್ನು, ಲಕೋಟೆ ಮಾರುವ ಅಂಗಡಿಗೆ ಇ-ಆರ್-ವೈ ಬರಬೇಕು. ಎ-ಆರ್-ವೈ ಹಾಕಿದರೆ ನಿಂತಲ್ಲೇ ನಿಂತಿರುವ, ಅಲುಗಾಡದ ಎಂಬ ಅರ್ಥ ಬರುತ್ತದೆ. ಸ್ವಾರಸ್ಯವೆಂದರೆ ಎರಡರ ಮೂಲವೂ ಒಂದೇ. ಮಧ್ಯಯುಗದ ಯೂರೋಪಿನಲ್ಲಿ ಬಹುಪಾಲು ವ್ಯಾಪಾರಿಗಳು ಗಂಟು ಹೊತ್ತು ಊರೂರು ತಿರುಗುತ್ತಿದ್ದರು; ಒಂದೇ ಜಾಗದಲ್ಲಿ ಅಂಗಡಿ ಹೂಡಿ ಕುಳಿತವನು 'ಸ್ಟೇಷನರ್' ಅನ್ನಿಸಿಕೊಂಡ. ಅಂಥವರಲ್ಲಿ ಹೆಚ್ಚಿನವರು ವಿಶ್ವವಿದ್ಯಾಲಯಗಳ ಆಸುಪಾಸಿನ ಪುಸ್ತಕ ವ್ಯಾಪಾರಿಗಳಾಗಿದ್ದರಿಂದ ಹೆಸರು ಅವರಿಗೇ ಅಂಟಿತು, ಮುಂದೆ ಅವರು ಮಾರುವ ಕಾಗದಕ್ಕೂ ಬಂತು. ಮಡಿಕೇರಿಯ ಶುಕ್ರವಾರದ ಸಂತೆಗೆ ಮೂಟೆ ಹೊತ್ತು ಬಂದು ಸಂಜೆಗೆ ಹೊರಡುವವರನ್ನೂ ಪೇಟೆಯಲ್ಲಿ ಷಟರ್ ಎತ್ತಿ ಕೂರುವವರನ್ನೂ ಒಟ್ಟಿಗೆ ನೆನೆದರೆ ಈ ಪದ ಅರ್ಥವಾಗುತ್ತದೆ. ಸ್ಟೇಷನರ್ ಎಂಬ ಆಸಾಮಿ ಇ-ಆರ್‌ನಲ್ಲಿ ಮುಗಿಯುತ್ತಾನೆ. ಅವನ ಸರಕೂ ಅದೇ ಇ-ಆರ್ ಇಟ್ಟುಕೊಂಡಿದೆ.

ಹಾಲಿನ ಡೈರಿ, ಬರೆಯುವ ಡೈರಿ: ಎರಡೂ ಒಂದೇ ಅಲ್ಲವೇ?

ಕನ್ನಡದ ಬಾಯಲ್ಲಿ ಒಂದೇ, ಅದೇ ತೊಂದರೆ. ಕೂಡಿಗೆಯ ಡೈರಿ ಎಂದರೂ ಮೇಜಿನ ಮೇಲಿನ ಡೈರಿ ಎಂದರೂ ನಾವು ಎಳೆಯುವುದು ಒಂದೇ ರಾಗ. ಇಂಗ್ಲಿಷಿನಲ್ಲಿ ಹಾಲಿನದು 'ಡೇರಿ'ಗೆ ಹತ್ತಿರವಾದ ಉಚ್ಚಾರ, ಸ್ಪೆಲ್ಲಿಂಗ್ ಡಿ-ಎ-ಐ. ಬರೆಯುವುದು 'ಡೈಅರಿ', ಸ್ಪೆಲ್ಲಿಂಗ್ ಡಿ-ಐ-ಎ. ಬರೆಯುವ ಡೈರಿಯ ಮೂಲ ದಿನ ಎಂಬ ಅರ್ಥದ ಲ್ಯಾಟಿನ್ ಪದ. ನಮ್ಮ ದಿನಚರಿಯೂ 'ದಿ'ಯಿಂದಲೇ ಶುರುವಾಗುವುದರಿಂದ, ದಿನಚರಿಗೆ ಡಿ-ಐ ಎಂದು ನೆನಪಿಟ್ಟರೆ ಸಾಕು, ಹಾಲಿಗೆ ಉಳಿದದ್ದು ಇನ್ನೊಂದು. ಹಾಲಿನ ಡೇರಿಯ ಮೂಲ ಹಳೆಯ ಇಂಗ್ಲಿಷಿನಲ್ಲಿ ಹಿಟ್ಟು ನಾದುವ ಮನೆಗೆಲಸದವಳ ಹೆಸರು. ಗೌರವದ ಮಾತಾದ 'ಲೇಡಿ'ಯೊಳಗೂ ಅದೇ ಹಿಟ್ಟು ನಾದುವವಳು ಅಡಗಿದ್ದಾಳೆ.

ಹೋಂಸ್ಟೇ ಬೋರ್ಡಿನಲ್ಲಿ 'ಡೈನಿಂಗ್ ಹಾಲ್' ಎಂಬಲ್ಲಿ ಎನ್ ಒಂದೋ, ಎರಡೋ?

ಒಂದೇ. ಎರಡು ಎನ್ ಹಾಕಿದರೆ ಅದು 'ಡಿನ್ನಿಂಗ್' ಆಗಿ, ಗದ್ದಲ ಎಂಬ ಅರ್ಥದ 'ಡಿನ್' ಪದದ ಕುಟುಂಬಕ್ಕೆ ಸೇರುತ್ತದೆ. ಪ್ರವಾಸಿಗರು ತುಂಬಿದ ಶನಿವಾರದ ರಾತ್ರಿಗಳಲ್ಲಿ ಆ ಬೋರ್ಡು ಸುಳ್ಳಲ್ಲ ಅನ್ನಿಸಬಹುದು, ಆದರೂ ಅದು ತಪ್ಪೇ.

ಈ ತಪ್ಪು ನಮ್ಮವರಲ್ಲಿ ಹೆಚ್ಚಾಗಿರುವುದಕ್ಕೆ ಕಾರಣ ನಮ್ಮ ಒತ್ತಕ್ಷರ ಎಂದು ನಾವು ತಿಳಿದಿದ್ದೇವೆ. ಕನ್ನಡದಲ್ಲಿ ಒತ್ತು ಕೊಟ್ಟರೆ ಆ ವ್ಯಂಜನವೇ ಬಿಗಿಯಾಗುತ್ತದೆ. ಕತೆಗೆ ಒತ್ತು ಕೊಟ್ಟರೆ ಕತ್ತೆಯಾಗುತ್ತದೆ, ಅದು ಎಲ್ಲರ ಕಿವಿಗೂ ಕೇಳುತ್ತದೆ. ಇಂಗ್ಲಿಷಿನ ಜೋಡಿ ಅಕ್ಷರ ಸಾಮಾನ್ಯವಾಗಿ ವ್ಯಂಜನವನ್ನು ಬಿಗಿ ಮಾಡುವುದಿಲ್ಲ, ಅದರ ಹಿಂದಿನ ಸ್ವರವನ್ನು ಮೊಟಕು ಮಾಡುತ್ತದೆ. ನಾವು 'ಡಿನ್ನರ್' ಎಂದು ಒತ್ತಿ ಹೇಳುವ ಪದವನ್ನು ಅವರು 'ಡಿನರ್' ಎಂದೇ ಹೇಳುತ್ತಾರೆ. ಅಲ್ಲಿರುವ ಎರಡು ಎನ್‌ಗಳ ಕೆಲಸ, ಅದನ್ನು 'ಡೈನರ್' ಎಂದು ಓದಬಾರದು ಎಂದು ಸೂಚಿಸುವುದಷ್ಟೆ. ಡೈನಿಂಗ್‌ನಲ್ಲಿ ಸ್ವರ ಉದ್ದವಾಗಿರುವುದರಿಂದ ಒಂದೇ ಎನ್. ನಿಮ್ಮನ್ನು ಎದುರು ನೋಡುತ್ತೇವೆ ಎಂದು ಆಮಂತ್ರಣದಲ್ಲಿ ಬರೆಸುವ 'ಹೋಪಿಂಗ್'ಗೆ ಒಂದು ಪಿ. ಎರಡು ಪಿ ಬಿದ್ದರೆ ಆತಿಥೇಯರು ಬಾಗಿಲಲ್ಲಿ ಕುಪ್ಪಳಿಸುತ್ತಿದ್ದಾರೆ ಎಂದಾಗುತ್ತದೆ. ನಿಯಮಕ್ಕೆ ಹೊರತಾದವೂ ಇವೆ: 'ಕಮಿಂಗ್'ನಲ್ಲಿ ಸ್ವರ ಮೊಟಕಾಗಿಯೇ ಇದ್ದರೂ ಎಮ್ ಒಂದೇ.

ಲಗ್ನಪತ್ರಿಕೆಯ ಕೆಳಗೆ ಬರುವ 'ಕಾಂಪ್ಲಿಮೆಂಟ್ಸ್' ಪದದಲ್ಲಿ ಐ ಸರಿಯೋ, ಇ ಸರಿಯೋ?

'ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್ ಫ್ರಂ' ಎಂಬ ಸಾಲಿನಲ್ಲಿ ಎಲ್ ಆದ ಮೇಲೆ ಐ ಬರುತ್ತದೆ. ಮೆಚ್ಚುಗೆ, ಶುಭಕೋರಿಕೆ, ಉಚಿತ ಕೊಡುಗೆ ಎಲ್ಲಕ್ಕೂ ಐ. ಇ ಹಾಕಿದರೆ, ಒಂದನ್ನು ಭರ್ತಿ ಮಾಡುವ, ಪೂರ್ಣಗೊಳಿಸುವ ವಸ್ತು ಎಂದರ್ಥ. 'ಕಂಪ್ಲೀಟ್' ಪದದ ಇ ಅಲ್ಲಿ ಉಳಿದುಕೊಂಡಿದೆ. ಹೋಂಸ್ಟೇಯಲ್ಲಿ ಬೆಳಗಿನ ಕಡುಬು-ಪಂದಿಕರಿ ಬಾಡಿಗೆಯಲ್ಲೇ ಸೇರಿದ್ದರೆ ಅದು ಐ ಇರುವ ಕಾಂಪ್ಲಿಮೆಂಟರಿ. ಕಡುಬಿಗೆ ಪಂದಿಕರಿ ಒಳ್ಳೆಯ ಜೋಡಿ ಎನ್ನಬೇಕಿದ್ದರೆ ಇ ಇರುವದ್ದು. ಎರಡೂ ಒಂದೇ ಲ್ಯಾಟಿನ್ ಬೇರಿನಿಂದ ಬಂದು ಬೇರೆ ಬೇರೆ ದಾರಿ ಹಿಡಿದವು.

ಅದೇ ಸಾಲಿನ ಕೊನೆಯ 'ಫ್ರಂ' ಕೂಡ ಬೆರಳಿನ ಅವಸರದಲ್ಲಿ ಎಷ್ಟೋ ಸಲ 'ಫಾರ್ಮ್' ಆಗಿಬಿಡುತ್ತದೆ. ಆರ್ ಮತ್ತು ಒ ಜಾಗ ಬದಲಿಸಿಕೊಂಡರೆ ಸಾಕು.

ಕಾಲೇಜಿನ ಪ್ರಿನ್ಸಿಪಾಲರೂ ತತ್ವ ಎಂಬ ಅರ್ಥದ ಪದವೂ ಹೇಗೆ ಬೇರೆ?

ಕನ್ನಡಿಗರಿಗೆ ಇದು ಸುಲಭ, ಏಕೆಂದರೆ ಇಂಗ್ಲಿಷರು ನುಂಗಿಹಾಕುವ ಸ್ವರವನ್ನು ನಾವು ಬಿಡಿಸಿ ಹೇಳುತ್ತೇವೆ. 'ಪ್ರಿನ್ಸಿಪಾಲ್' ಎನ್ನುವಾಗ ಬರುವ 'ಪಾ' ಅಲ್ಲಿ ಎ ಇದೆ ಎಂಬುದಕ್ಕೆ ಸಾಕ್ಷಿ: ಪಿ-ಎ-ಎಲ್. ತತ್ವ, ನಿಯಮ ಎಂಬ ಅರ್ಥದ್ದು ಪಿ-ಎಲ್-ಇ. ಬ್ಯಾಂಕ್ ಸಾಲದ ಅಸಲಿಗೂ ಪಿ-ಎ-ಎಲ್ ಬರಬೇಕು ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಬೆಳೆಸಾಲದ ಅರ್ಜಿಯಲ್ಲಿ ಅಸಲು ಕಟ್ಟಲು ಕಾಲಾವಕಾಶ ಕೋರಿದವರು ತತ್ವವನ್ನೇ ಕಂತಿನಲ್ಲಿ ತೀರಿಸುತ್ತೇವೆ ಎಂದು ಬರೆದುಕೊಟ್ಟದ್ದನ್ನು ನಾವು ತಿದ್ದಿದ್ದೇವೆ.

ಸೇನೆಗೆ ಸಂಬಂಧಿಸಿದ ಪದಗಳಲ್ಲಿ ಹೆಚ್ಚು ತಪ್ಪಾಗುವುದು ಯಾವುವು?

ಮಾಜಿ ಸೈನಿಕರ ಮನೆಗಳೇ ತುಂಬಿರುವ ಜಿಲ್ಲೆಯಾದ್ದರಿಂದ ಈ ಪ್ರಶ್ನೆ ನಮ್ಮಲ್ಲಿಗೆ ವಾರಕ್ಕೊಮ್ಮೆಯಾದರೂ ಬರುತ್ತದೆ.

ಮೊದಲನೆಯದು 'ಮಾರ್ಷಲ್'. ಕೆ. ಎಂ. ಕಾರ್ಯಪ್ಪನವರಿಗೆ 1986ರಲ್ಲಿ ಸಂದ ಫೀಲ್ಡ್ ಮಾರ್ಷಲ್ ಪದವಿಯಲ್ಲಿ ಎಸ್-ಎಚ್ ಇದೆ, ಕೊನೆಗೆ ಒಂದೇ ಎಲ್. ಎರಡು ಎಲ್ ಸಾಮಾನ್ಯವಾಗಿ ಬರುವುದು ಅಡ್ಡಹೆಸರಿನಲ್ಲಿ. ಪದದ ಹುಟ್ಟು ಕುದುರೆ ಲಾಯದಲ್ಲಿ: ಹಳೆಯ ಜರ್ಮನ್ ಬಳಗದ ಭಾಷೆಯಲ್ಲಿ ಕುದುರೆ ಮತ್ತು ಆಳು ಎಂಬ ಎರಡು ಪದಗಳು ಸೇರಿ ಆದದ್ದು ಅದು. ಲಾಯದ ಆಳು ಅರಮನೆಯ ಅಧಿಕಾರಿಯಾಗಿ, ಅಲ್ಲಿಂದ ಸೇನೆಯ ಅತ್ಯುನ್ನತ ಹುದ್ದೆಗೇರಿದ. ಉಚ್ಚಾರದಲ್ಲಿ ಅದರಂತೆಯೇ ಇರುವ ಇನ್ನೊಂದು 'ಮಾರ್ಷಲ್', ಟಿ-ಐ-ಎ-ಎಲ್ ಎಂದು ಮುಗಿಯುವಂಥದ್ದು, ರೋಮನ್ನರ ಯುದ್ಧದೇವತೆ ಮಾರ್ಸ್‌ನ ಹೆಸರಿನಿಂದ ಬಂದಿದೆ. ಯುದ್ಧಕ್ಕೆ ಸಂಬಂಧಿಸಿದ ಎಂದು ಅದರ ಅರ್ಥ. ಇದೇ ಪದದಲ್ಲಿ ಟಿ ಮತ್ತು ಐ ಸ್ಥಾನ ಬದಲಿಸಿಕೊಂಡರೆ 'ಮ್ಯಾರಿಟಲ್' ಆಗಿ, ಅರ್ಜಿಯಲ್ಲಿ ವಿವಾಹಿತರೇ ಅವಿವಾಹಿತರೇ ಎಂದು ಕೇಳುವ ಕಲಂ ಆಗುತ್ತದೆ. ಅದರ ಮೂಲ ಗಂಡ ಎಂಬ ಅರ್ಥದ ಲ್ಯಾಟಿನ್ ಪದ. ಮೂರು ಪದ, ಮೂರು ಮನೆತನ, ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲ.

ಎರಡನೆಯದು ಇನ್ನೂ ಅಪಾಯಕಾರಿ. 1948ರಲ್ಲಿ ಆರಂಭವಾದ ಎನ್‌ಸಿಸಿಯ ಕೊನೆಯ ಸಿ 'ಕೋರ್' ಎಂದು ಉಚ್ಚಾರವಾಗುವ ಪದ. ಅದರಲ್ಲಿ ಪಿ ಮತ್ತು ಎಸ್ ಬರೆಯುತ್ತಾರೆ, ಹೇಳುವುದಿಲ್ಲ. ಕೊನೆಗೊಂದು ಇ ಸೇರಿದರೆ 'ಕಾರ್ಪ್ಸ್' ಆಗಿ ಹೆಣ ಎಂದರ್ಥವಾಗುತ್ತದೆ. ದೇಹ ಎಂಬ ಅರ್ಥದ ಒಂದೇ ಲ್ಯಾಟಿನ್ ಪದದಿಂದ ಎರಡೂ ಹುಟ್ಟಿವೆ: ಒಂದು ಜನರು ಸೇರಿ ಆದ ದೇಹ, ಇನ್ನೊಂದು ಜೀವ ಹೋದ ದೇಹ. ಮಕ್ಕಳ ಪ್ರಮಾಣಪತ್ರಗಳನ್ನು ಅಚ್ಚು ಮಾಡುವಾಗ ಈ ಇ ನುಸುಳಿದೆಯೇ ಎಂದು ನಾವು ಎರಡೆರಡು ಸಲ ನೋಡುತ್ತೇವೆ.

ಇನ್ನು 'ಕರ್ನಲ್'. ಇಟಲಿಯ ಮೂಲರೂಪದಲ್ಲಿ ಎಲ್ ಇತ್ತು, ಫ್ರೆಂಚರ ಬಾಯಲ್ಲಿ ಅದೊಮ್ಮೆ ಆರ್ ಆಯಿತು; ಇಂಗ್ಲಿಷರು ಬರವಣಿಗೆಗೆ ಎಲ್ ಇಟ್ಟುಕೊಂಡು ಉಚ್ಚಾರಕ್ಕೆ ಆರ್ ಇಟ್ಟುಕೊಂಡರು. ಆದ್ದರಿಂದ ಸಿ-ಒ-ಎಲ್-ಒ-ಎನ್-ಇ-ಎಲ್ ಎಂದು ಬರೆದು 'ಕರ್ನಲ್' ಎಂದು ಓದಬೇಕು. ಕೇಳಿದಂತೆ ಕೆ-ಇ-ಆರ್ ಎಂದು ಶುರು ಮಾಡಿದರೆ ನಿವೃತ್ತ ಅಧಿಕಾರಿಯ ಗೇಟಿನ ಫಲಕದಲ್ಲಿ ಬೀಜದ ತಿರುಳು ಬಂದು ಕೂರುತ್ತದೆ.

'ಸ್ಟೇಟ್' ಮತ್ತು 'ಎಸ್ಟೇಟ್' ನಡುವೆ ಸಂಬಂಧವಿದೆಯೇ?

ಇದೆ, ಅವು ಒಡಹುಟ್ಟಿದವು. ಸ್ಥಿತಿ ಎಂಬ ಅರ್ಥದ ಲ್ಯಾಟಿನ್ ಪದ ಹಳೆಯ ಫ್ರೆಂಚಿಗೆ ಬಂದಾಗ, ಎಸ್ ಮತ್ತು ಟಿ ಕೂಡಿದ ಆರಂಭ ನಾಲಿಗೆಗೆ ಕಷ್ಟವಾಗಿ ಮುಂದೊಂದು ಇ ಸೇರಿಕೊಂಡಿತು. ನಮ್ಮ ಅಜ್ಜಿಯರು ಸ್ಕೂಲನ್ನು 'ಇಸ್ಕೂಲು' ಎಂದದ್ದೂ ಇದೇ ಕಾರಣಕ್ಕೆ. ಆ ವಿಷಯದಲ್ಲಿ ಅವರು ಫ್ರೆಂಚರಿಗೆ ಏನೂ ಕಡಿಮೆ ಇರಲಿಲ್ಲ. ಇಂಗ್ಲಿಷಿನಲ್ಲಿ ಇ ಇಲ್ಲದ ರೂಪ ರಾಜ್ಯವಾಯಿತು, ಇ ಇರುವ ರೂಪ ಆಸ್ತಿ, ತೋಟವಾಯಿತು. ಕೊಡಗಿನಲ್ಲಿ ಇದು ಬರೀ ಸ್ಪೆಲ್ಲಿಂಗ್ ವಿಷಯವಲ್ಲ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಡಗು 24 ಸದಸ್ಯರ ವಿಧಾನಸಭೆಯಿದ್ದ ಪ್ರತ್ಯೇಕ 'ಸಿ' ವರ್ಗದ ರಾಜ್ಯವಾಗಿತ್ತು. ಆ ಕಾಲದ ದಾಖಲೆಗಳ ನಕಲು ಮಾಡಿಸುವಾಗ 'ಕೂರ್ಗ್ ಸ್ಟೇಟ್' ಇದ್ದಲ್ಲಿ 'ಎಸ್ಟೇಟ್' ಎಂದು ಟೈಪಾದರೆ ಒಂದು ಇಡೀ ರಾಜ್ಯ ಕಾಫಿತೋಟವಾಗುತ್ತದೆ.

ಮಳೆ, ಆಳ್ವಿಕೆ, ಲಗಾಮು: ಮೂರಕ್ಕೂ 'ರೇನ್' ಎನ್ನುತ್ತಾರಲ್ಲ?

ಹೌದು, ಕಿವಿಗೆ ಮೂರೂ ಒಂದೇ. ಮಳೆಗೆ ಆರ್-ಎ-ಐ-ಎನ್. ಆಳ್ವಿಕೆಯಲ್ಲಿ ಒಂದು ಜಿ ಇದೆ. ರಾಜ್ಯ ಎಂಬ ಅರ್ಥದ ಲ್ಯಾಟಿನ್ ಪದದಿಂದ ಉಳಿದುಬಂದದ್ದು ಅದು. ಹಾಲೇರಿ ಅರಸರ ಆಳ್ವಿಕೆ 1834ರಲ್ಲಿ ಕೊನೆಗೊಂಡಿತು ಎಂದು ಪ್ರವಾಸಿ ಕೈಪಿಡಿಯಲ್ಲಿ ಬರೆಯುವಾಗ ಈ ಜಿ ತಪ್ಪಿದರೆ ನಿಂತದ್ದು ಮಳೆಯೋ ಲಗಾಮೋ ಎಂಬ ಅನುಮಾನ ಹುಟ್ಟುತ್ತದೆ. ಲಗಾಮಿಗೆ ಆರ್-ಇ-ಐ-ಎನ್. ಈ ಜಿ ಬೇರೆಯವರ ಮನೆಗೂ ನುಗ್ಗಿದೆ: 'ಫಾರಿನ್', 'ಸಾವರಿನ್' ಪದಗಳಲ್ಲಿ ಮೂಲದಲ್ಲಿ ಜಿ ಇರಲಿಲ್ಲ, ಆಳ್ವಿಕೆಯ ಪದವನ್ನು ನೋಡಿ ಅಲ್ಲಿಯೂ ಸೇರಿಸಿದರು.

ಕಾಫಿಪುಡಿ ಪೊಟ್ಟಣದ ಮೇಲೆ 'ತರಿತರಿ' ಎನ್ನಲು ಯಾವ ಪದ?

'ಕೋರ್ಸ್', ಸಿ-ಒ-ಎ ಎಂದು ಶುರುವಾಗುವುದು. ಸಿ-ಒ-ಯು ಎಂದರೆ ವ್ಯಾಸಂಗ, ದಾರಿ, ಊಟದ ಒಂದು ಸರದಿ. ಇದನ್ನು ನಾವು ನಷ್ಟ ಮಾಡಿಕೊಂಡು ಕಲಿತೆವು. ಬೆಳೆಗಾರರೊಬ್ಬರ ರೊಬಸ್ಟಾ ಪುಡಿಗೆ 500 ಸ್ಟಿಕ್ಕರ್ ಅಚ್ಚು ಮಾಡಿದ್ದೆವು. ಕಂದು ಬಣ್ಣ, ಚಿನ್ನದ ಅಂಚು, ನೋಡಲು ಚೆನ್ನಾಗಿಯೇ ಇತ್ತು. ಒಯ್ಯಲು ಬಂದಾಗ ಜೊತೆಗಿದ್ದ ಅವರ ಅಣ್ಣನ ಮಗಳು ಒಂದು ಸ್ಟಿಕ್ಕರನ್ನು ಬೆಳಕಿಗೆ ಹಿಡಿದು, "ಅಂಕಲ್, ಇದು ಎಷ್ಟು ವರ್ಷದ ಕೋರ್ಸು?" ಎಂದಳು. ಅಷ್ಟನ್ನೂ ನಮ್ಮ ಖರ್ಚಿನಲ್ಲಿ ಮರುಮುದ್ರಿಸಿದೆವು. ಹಳೆಯ ಕಟ್ಟು ಈಗಲೂ ಕಟಿಂಗ್ ಮೆಷಿನ್ನಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ. ಸಾಧಾರಣ ಎಂಬ ಅರ್ಥದಲ್ಲಿ ಬಳಕೆಯಲ್ಲಿದ್ದ ಸಿ-ಒ-ಯು ರೂಪವೇ ಮುಂದೆ ಒರಟು ಎಂಬ ಅರ್ಥಕ್ಕೆ ಹೊರಳಿ ಸ್ಪೆಲ್ಲಿಂಗ್ ಬದಲಿಸಿಕೊಂಡಿತು ಎಂದು ನಿಘಂಟುಕಾರರು ಹೇಳುತ್ತಾರೆ. ಆ ದಿನ ನಮಗೆ ಅದು ಸಮಾಧಾನ ಕೊಡಲಿಲ್ಲ.

ತೋಟದ ಇನ್ನೊಂದು ಜೋಡಿ 'ಬೆರಿ'. ಹಣ್ಣಿಗೆ ಬಿ-ಇ-ಆರ್-ಆರ್-ವೈ, ಹೂಳುವುದಕ್ಕೆ ಬಿ-ಯು-ಆರ್-ವೈ, ಆದರೂ ಉಚ್ಚಾರ 'ಬೆರಿ'ಯೇ.

'ಅಡ್ವೈಸ್', 'ಲೈಸೆನ್ಸ್' ಪದಗಳಲ್ಲಿ ಸಿ ಯಾವಾಗ, ಎಸ್ ಯಾವಾಗ?

ಬ್ರಿಟಿಷ್ ಕ್ರಮದಲ್ಲಿ ನಾಮಪದಕ್ಕೆ ಸಿ, ಕ್ರಿಯಾಪದಕ್ಕೆ ಎಸ್. ಸಲಹೆ ಎಂಬುದು ಸಿ, ಸಲಹೆ ಕೊಡು ಎಂಬುದು ಎಸ್. ಸಲಹೆಯ ಜೋಡಿಯಲ್ಲಿ ಉಚ್ಚಾರವೂ ಬೇರೆ. ಎಸ್ ಇದ್ದಾಗ ಅದು ಜೇನುನೊಣದ ಝೇಂಕಾರದಂತೆ ಕಂಪಿಸುವ ಧ್ವನಿ. ಆ ಧ್ವನಿ ಕನ್ನಡದ್ದಲ್ಲವಾದ್ದರಿಂದ ನಮ್ಮ ಬಾಯಲ್ಲಿ ಎರಡೂ ಒಂದೇ ಆಗಿ, ಕೈಯಲ್ಲೂ ಒಂದೇ ಆಗುತ್ತವೆ. ಪರವಾನಗಿಯ ಜೋಡಿಗೆ ಉಚ್ಚಾರದಲ್ಲಿ ಭೇದವಿಲ್ಲ, ನಿಯಮ ಮಾತ್ರ ಅದೇ: ಕೈಯಲ್ಲಿರುವ ಡ್ರೈವಿಂಗ್ ಲೈಸೆನ್ಸಿಗೆ ಸಿ, ಪರವಾನಗಿ ಕೊಡುವ ಕ್ರಿಯೆಗೆ ಎಸ್. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿ ಇರುವುದರಿಂದ, ಆ ಕುರಿತ ಅರ್ಜಿಗಳಲ್ಲಿ ಈ ಪದ ಹತ್ತಾರು ಬಾರಿ ಬರುತ್ತದೆ. ಅಲ್ಲೆಲ್ಲ ಅದು ಬಹುತೇಕ ನಾಮಪದವೇ.

ಅದೇ ಕಂಪಿಸುವ ಧ್ವನಿಯ ಅಭಾವದಿಂದ ಕೆಡುವ ಇನ್ನೊಂದು ಜೋಡಿ 'ಲೂಸ್'. ಸಡಿಲಕ್ಕೆ ಎರಡು ಒ, ಕಳೆದುಕೊಳ್ಳುವುದಕ್ಕೆ ಒಂದು. ಕಳೆದುಕೊಂಡಾಗ ಒಂದು ಒ ಕೂಡ ಕಳೆದುಹೋಗಿದೆ ಎಂದುಕೊಳ್ಳಿ.

ಬೆಳೆಹಾನಿ ಪರಿಹಾರದ ಅರ್ಜಿಯಲ್ಲಿ ಯಾವ ಪದಗಳ ಬಗ್ಗೆ ಎಚ್ಚರ ಬೇಕು?

ಮಿಂಚು-ಸಿಡಿಲಿಗೆ 'ಲೈಟ್ನಿಂಗ್', ಟಿ ಮತ್ತು ಎನ್ ನಡುವೆ ಇ ಇಲ್ಲ. ಇ ಸೇರಿದರೆ ಹಗುರ ಮಾಡುವುದು ಅಥವಾ ತಿಳಿಯಾಗಿಸುವುದು ಎಂದಾಗುತ್ತದೆ. ಕೊಟ್ಟಿಗೆ ಹಗುರವಾಯಿತು ಎಂದು ಯಾರೂ ಪರಿಹಾರ ಕೇಳುವುದಿಲ್ಲ. ಬಾಧಿಸು ಎಂಬ ಕ್ರಿಯಾಪದ ಎ-ಯಿಂದ ಶುರುವಾಗುವ 'ಅಫೆಕ್ಟ್', ಪರಿಣಾಮ ಎಂಬ ನಾಮಪದ ಇ-ಯಿಂದ ಶುರುವಾಗುವ 'ಎಫೆಕ್ಟ್'. 2018ರ ಆಗಸ್ಟ್‌ನ ಭೂಕುಸಿತದ ನಂತರ ಬಂದ ಅರ್ಜಿಗಳಲ್ಲಿ ಸಂತ್ರಸ್ತ ಕುಟುಂಬ ಎನ್ನುವಲ್ಲೆಲ್ಲ ಎ ಬೇಕಿತ್ತು. ಇ-ಯಿಂದ ಶುರುವಾಗುವದ್ದಕ್ಕೂ ಜಾರಿಗೆ ತರು ಎಂಬ ಕ್ರಿಯಾರ್ಥ ಇದೆ, ಆದರೆ ಅರ್ಜಿಯಲ್ಲಿ ಅದರ ಗೊಡವೆ ಬೇಡ.

ಊಟದ ಕೊನೆಯ ಸಿಹಿಗೆ ಎಸ್ ಎಷ್ಟು?

ಎರಡು. ಒಂದೇ ಎಸ್ ಇದ್ದರೆ ಮರುಭೂಮಿ.

ಘಟ್ಟದ ರಸ್ತೆಯ ಎಚ್ಚರಿಕೆ ಫಲಕದಲ್ಲಿ 'ಬ್ರೇಕ್' ಹೇಗೆ ಬರೆಯಬೇಕು?

ವಾಹನದ್ದು ಬಿ-ಆರ್-ಎ-ಕೆ-ಇ. ಬಿ-ಆರ್-ಇ-ಎ-ಕೆ ಎಂದರೆ ಮುರಿ. ಸಂಪಾಜೆ ಇಳಿಜಾರಿನಲ್ಲಿ ನಿಂತು ಓದುವವರಿಗೆ ಅದು ಬೇರೆಯೇ ಸಲಹೆಯಾಗುತ್ತದೆ. ಮಾಕುಟ್ಟದ ಕಡೆಯ ಗಡಿಗೆ 'ಬಾರ್ಡರ್', ಎ ಇಲ್ಲ. ಎ ಸೇರಿದರೆ ಅದು ಹಾಸ್ಟೆಲಿನಲ್ಲಿ ಊಟ-ವಸತಿ ಪಡೆಯುವ ವಿದ್ಯಾರ್ಥಿ.

ಕಂಪ್ಯೂಟರಿನಲ್ಲಿ ಕೆಂಪು ಗೆರೆ ಬರಲಿಲ್ಲವೆಂದರೆ ಸರಿ ಎಂದಲ್ಲವೇ?

ಅಲ್ಲ. ಪದ ನಿಘಂಟಿನಲ್ಲಿದೆಯೇ ಎಂದು ನೋಡಿ ಕೆಂಪು ಗೆರೆ ಬೀಳುತ್ತದೆ. ಹೆಣ ಎಂಬುದೂ ನಿಘಂಟಿನಲ್ಲಿದೆ. ಈಗಿನ ತಂತ್ರಾಂಶಗಳು ವಾಕ್ಯ ನೋಡಿ ಕೆಲವನ್ನು ಹಿಡಿಯುತ್ತವೆ, ಆದರೆ ಬೋರ್ಡಿನಲ್ಲಿ ವಾಕ್ಯವೇ ಇರುವುದಿಲ್ಲ, ಎರಡೇ ಪದ ಇರುತ್ತವೆ. ಇನ್ನೊಂದು ವಿಷಯ: ತಂತ್ರಾಂಶ ಅಮೆರಿಕದ ಇಂಗ್ಲಿಷಿಗೆ ಹೊಂದಿಕೊಂಡಿದ್ದರೆ ಸಿ ಇರುವ ಲೈಸೆನ್ಸನ್ನೂ ಯು ಇರುವ 'ಕಲರ್' ಪದವನ್ನೂ ತಪ್ಪು ಎನ್ನಬಹುದು. ನೋಹ ವೆಬ್‌ಸ್ಟರ್ 1828ರ ತನ್ನ ನಿಘಂಟಿನಲ್ಲಿ ನೆಲೆಗೊಳಿಸಿದ ಅಮೆರಿಕದ ರೂಪಗಳಿಗೂ ನಮ್ಮ ಕಚೇರಿಗಳು ಬಳಸುವ ಬ್ರಿಟಿಷ್ ರೂಪಗಳಿಗೂ ಇರುವ ವ್ಯತ್ಯಾಸ ಅದು. ಭಾಷೆಯ ಸೆಟ್ಟಿಂಗ್ ಬದಲಿಸಿಕೊಂಡರೆ ಆ ಗೆರೆ ಹೋಗುತ್ತದೆ.

ಹಾಗಾದರೆ ಪ್ರೂಫ್ ನೋಡುವುದು ಹೇಗೆ?

ಪರದೆಯ ಮೇಲೆ ಬೇಡ, ಕಾಗದದ ಮೇಲೆ ನೋಡಿ. ಇಂಗ್ಲಿಷ್ ಪದವನ್ನು ಓದಬೇಡಿ, ಅಕ್ಷರ ಅಕ್ಷರವಾಗಿ ಬಾಯಿಬಿಟ್ಟು ಹೇಳಿ, ಎದುರಿಗಿರುವವರು ಬರೆದುಕೊಟ್ಟ ಚೀಟಿಯೊಂದಿಗೆ ಹೋಲಿಸಲಿ. ಲಗ್ನಪತ್ರಿಕೆಗೆ ಮನೆಯಿಂದ ಇಬ್ಬರು ಬನ್ನಿ. ಒಬ್ಬರು ಹೆಸರು, ಮುಹೂರ್ತ ನೋಡುತ್ತಿದ್ದರೆ ಇನ್ನೊಬ್ಬರು ಕೆಳಗಿನ ಇಂಗ್ಲಿಷ್ ಸಾಲುಗಳನ್ನೇ ನೋಡಲಿ, ಏಕೆಂದರೆ ಹೆಸರು ನೋಡಿ ಮುಗಿಸಿದ ಕಣ್ಣು ಕೊನೆಯ ಸಾಲಿಗೆ ಬರುವಷ್ಟರಲ್ಲಿ ದಣಿದಿರುತ್ತದೆ. ಪ್ರೂಫಿಗೆ ಸಹಿ ಬಿದ್ದ ಮೇಲೆ ಪ್ಲೇಟು ಹೋಗುತ್ತದೆ, ಅನಂತರದ ಮರುಮುದ್ರಣದ ವೆಚ್ಚ ಸಹಿ ಹಾಕಿದವರದು. ತಿದ್ದಿಕೊಟ್ಟದ್ದನ್ನು ನಾವೇ ಕೆಡಿಸಿದ್ದರೆ ಮಾತ್ರ ಅದು ನಮ್ಮದು.